ಮೀನಿನವನ ಹಾರ್ನ್ ಕೇಳುವ ಮನೆ

ಪೆರಾಬೆ
11 ನವೆಂಬರ್ 2025

ಫರ್ಝಾನಾಳಿಗೆ,

ಪಿಯುಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ನಾನು ಫೇಲಾದದ್ದಲ್ಲ. ಪರೀಕ್ಷೆಯನ್ನು ಬರೆಯಲೇ ಇಲ್ಲ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಅಮ್ಮನಿಗೂ.

ಮೊದಲ ಸಲ ನಿಜವಾಗಿಯೇ ಫೇಲಾಗಿದ್ದೆ. ಈಗ ಹೇಳುತ್ತಿರುವುದು ಎರಡನೇ ಸಲದ್ದು. ಉಪ್ಪಿನಂಗಡಿಯ ನಿಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ನೀನು ಎರಡು ತಿಂಗಳು ಕಲಿಸಿದ್ದೆ. ಪರೀಕ್ಷೆಯ ದಿನ ಪುತ್ತೂರಿಗೆ ಜೊತೆಗೇ ಬಂದು, ಎರಡು ಪೆನ್ನು, ನಾಲ್ಕು ಖರ್ಜೂರ ಕೈಯಲ್ಲಿಟ್ಟು, ಕಾಲೇಜಿನ ಗೇಟು ದಾಟಿಸಿದ್ದೆ. ನಾನು ಕ್ಯಾಂಟೀನಿನ ಹಿಂದಿನ ಸಣ್ಣ ಗೇಟಿನಿಂದ ಹೊರಬಂದು ಸುಳ್ಯದ ಬಸ್ಸು ಹತ್ತಿದೆ. ಸುಳ್ಯದಲ್ಲಿ ಇಳಿದು ಒಂದು ಚಾ ಕುಡಿದು, ಬಂದ ಬಸ್ಸಿನಲ್ಲೇ ತಿರುಗಿ ಬಂದೆ. ಗಂಟೆ ಹೊಡೆಯುವಾಗ ಮತ್ತೆ ಆ ಹಿಂದಿನ ಗೇಟಿನಿಂದ ಒಳಗೆ ಹೋಗಿ, ಮುಂದಿನ ಗೇಟಿನಿಂದ ನಿನ್ನ ಎದುರಿಗೆ ಬಂದು, ಪೇಪರ್ ಕಷ್ಟ ಇತ್ತು ಎಂದೆ. ಖರ್ಜೂರದ ಬೀಜ ಇನ್ನೂ ಕೈಯಲ್ಲಿತ್ತು.

ಯಾಕೆ ಎಂದು ಕೇಳಿದರೆ ಹೇಳಲು ದೊಡ್ಡ ಕಾರಣ ಇಲ್ಲ. ಮೂರು ಗಂಟೆ ಒಂದೇ ಬೆಂಚಿನಲ್ಲಿ ಕೂರಬೇಕು ಎಂದು ನೆನೆದಾಗ ಕಾಲು ತಿರುಗಿತು. ಬಸ್ಸಿನಲ್ಲಿ ಮೂರು ಗಂಟೆ ಕೂತದ್ದು ಮಾತ್ರ ಕಷ್ಟವಾಗಲಿಲ್ಲ.

ಫಲಿತಾಂಶ ಬಂದ ದಿನ ನೀನು “ನಾನು ಸರಿ ಕಲಿಸ್ಲಿಲ್ಲ ಕಾಣ್ತದೆ” ಎಂದು ಅತ್ತದ್ದನ್ನು ನೋಡಿಯೂ ಸುಮ್ಮನಿದ್ದೆ. ಅದೇ ಮುಖ ಹೊತ್ತು ನಿನ್ನ ಮದುವೆಗೆ ಬರಲು ಆಗಲಿಲ್ಲ. ಜ್ವರ ಎಂದು ಮೆಸೇಜು ಹಾಕಿದೆ. ಅದೇ ದಿನ ನಾನು ಪಾರ್ಸೆಲ್ ಕೊಡುತ್ತಾ ತಿರುಗುವುದನ್ನು ನಿನ್ನ ಅಣ್ಣ ಮಶೂದ್ ನೋಡಿದರು. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದರಲ್ಲಿ ತಪ್ಪಿಲ್ಲ. ಪತ್ರವನ್ನು ಬ್ಲಾಕ್ ಮಾಡುವ ವ್ಯವಸ್ಥೆ ಪೋಸ್ಟಾಫೀಸಿನಲ್ಲಿ ಇಲ್ಲ, ಹಾಗಾಗಿ ಇದು.

ಈಗ ಬರೆಯಲು ಕಾರಣ ಪಶ್ಚಾತ್ತಾಪ ಅಲ್ಲ, ಮನೆ ಬ್ರೋಕರ್ ಹರಿಪ್ರಸಾದ್. ಕಳೆದ ಬುಧವಾರ ಪುತ್ತೂರಿನ ಅವರ ಆಫೀಸಿಗೆ ಪಾರ್ಸೆಲ್ ಕೊಡಲು ಹೋಗಿದ್ದೆ. ಫೋನಿನಲ್ಲಿದ್ದರು. “ಆಲೆಟ್ಟಿಯಿಂದ ಮಂಗಳೂರು ಎಂತ ದೂರ ಫರ್ಝಾನಾ ಮೇಡಂ? ಸುಳ್ಯದಲ್ಲಿ ಬಸ್ಸಿಗೆ ಕೂತ್ರೆ ಒಂದು ನಿದ್ರೆ. ಎದ್ರೆ ನಿಮ್ಮ ಆಸ್ಪತ್ರೆಯ ಲ್ಯಾಬ್” ಎಂದು ನಗುತ್ತಿದ್ದರು. ಆಸ್ಪತ್ರೆಯ ಹೆಸರೂ ಬಾಯಿಗೆ ಬಂತು, ನೀನೇ ಎಂದು ಗೊತ್ತಾಯಿತು. ಹಳ್ಳಿಯಲ್ಲಿ ಮನೆ ಹುಡುಕುತ್ತಿದ್ದೀಯಂತೆ, ದಿನಾ ಹೋಗಿ ಬರುವ ಹಾಗೆ.

ನಾನು ಈಗಲೂ ಸ್ಕೂಟರಿನಲ್ಲಿ ಪಾರ್ಸೆಲ್ ಕೊಡುವವಳೇ. ಪುತ್ತೂರು, ಕಡಬ, ಸುಳ್ಯ ಮೂರು ತಾಲೂಕಿನ ಓಣಿಗಳೂ ಗೊತ್ತು. ಅವರು ಹೇಳುವ ಆಲೆಟ್ಟಿಯ ಆ ಮನೆಗೂ ಒಮ್ಮೆ ಮಿಕ್ಸಿ ಕೊಟ್ಟು ಬಂದಿದ್ದೇನೆ. ಮನೆ ಚೆಂದ ಉಂಟು. ಆದರೆ ಸಹಿ ಹಾಕಬೇಡ. ಒಂದು ವಾರ ಸಮಯ ಕೊಡು, ಆ ನಿದ್ರೆ ಎಷ್ಟು ಉದ್ದ ಎಂದು ಅಳೆದು ಹೇಳುತ್ತೇನೆ.

ನಿನ್ನ ಮನೆಯ ವಿಳಾಸ ಗೊತ್ತಿಲ್ಲದೆ ಆಸ್ಪತ್ರೆಗೇ ಕಳುಹಿಸುತ್ತಿದ್ದೇನೆ.

ಉತ್ತರ ಬರೆಯದಿದ್ದರೂ ಅರ್ಥವಾಗುತ್ತದೆ,
ಪ್ರೀತಿಕಾ

*

ಆಲೆಟ್ಟಿ
29 ನವೆಂಬರ್ 2025

ಫರ್ಝಾನಾಳಿಗೆ,

ಉತ್ತರ ಬರಲಿಲ್ಲ. ಅರ್ಥವಾಯಿತು. ಆದರೂ ಹೇಳಿದ ಕೆಲಸ ಮುಗಿಸಿದ್ದೇನೆ.

ಸೋಮವಾರದಿಂದ ಶನಿವಾರದ ವರೆಗೆ ಕೆಲಸಕ್ಕೆ ರಜೆ ಹಾಕಿ ಇಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ದಿನಾ ನೀನು ಹೊರಡಬೇಕಾದ ಹಾಗೆ ಹೊರಟು, ನೀನು ಮುಟ್ಟಬೇಕಾದ ಗೇಟು ಮುಟ್ಟಿ, ನೀನು ವಾಪಸು ಬರುವ ಹಾಗೆ ಬಂದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟರೆ ಮುಖ್ಯ ರಸ್ತೆಗೆ ಇಪ್ಪತ್ತೈದು ನಿಮಿಷದ ನಡಿಗೆ. ಸುಳ್ಯದಿಂದ ಬಸ್ಸು. ಆಸ್ಪತ್ರೆಯ ಗೇಟಿಗೆ ಬೇಗ ಎಂದರೆ ಒಂಬತ್ತು ಐದು, ತಡ ಎಂದರೆ ಒಂಬತ್ತೂಮುಕ್ಕಾಲು. ಸಂಜೆ ನಾಲ್ಕೂವರೆಗೆ ಹೊರಟರೆ ಮನೆಗೆ ಎಂಟು.

ಹರಿಪ್ರಸಾದ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ನಿದ್ರೆ ಒಂದೇ. ಜಾಲ್ಸೂರಿನಲ್ಲಿ ಕಣ್ಣು ಮುಚ್ಚಿದವಳು ಬಿ.ಸಿ. ರೋಡಿನಲ್ಲಿ ಕಣ್ಣು ಬಿಟ್ಟಾಗ ಪಕ್ಕದ ಅಜ್ಜಿಯ ಹೆಗಲಿನಲ್ಲಿದ್ದೆ. “ಇನ್ನೂ ಸ್ವಲ್ಪ ಮಲ್ಕೊ ಮಗಾ, ಮಂಗಳೂರು ಬರ್ಲಿಕ್ಕೆ ಸುಮಾರುಂಟು” ಎಂದರು.

ನಿನಗೆ ಎರಡೂವರೆ ವರ್ಷದ ಮಗಳಿದ್ದಾಳೆ ಎಂದು ಮಶೂದಣ್ಣ ಹೇಳಿದರು. ಈ ಮನೆಯಲ್ಲಿದ್ದರೆ ಅವಳು ಎಚ್ಚರ ಇರುವಾಗ ನೀನು ಮನೆಯಲ್ಲಿರುವುದು ಭಾನುವಾರ ಮಾತ್ರ.

ಇಷ್ಟೇ. ಮುಂದಿನದ್ದು ನಿನ್ನ ಇಷ್ಟ.

ಆರು ದಿನ ನಿನ್ನ ಬದಲಿಗೆ ತಡವಾಗಿ ಬಂದವಳು,
ಪ್ರೀತಿಕಾ

*

ಮಂಗಳೂರು
8 ಡಿಸೆಂಬರ್ 2025

ಪ್ರೀತಿಕಾ,

ಎರಡು ಪತ್ರವೂ ಸಿಕ್ಕಿತು. ಮೊದಲನೆಯದನ್ನು ಓದಿ ಹರಿದೆ. ಹರಿಪ್ರಸಾದ್ ವಿಷಯ ಯಾವ ತುಂಡಿನಲ್ಲಿತ್ತು ಎಂದು ಬೇಕಾಗಿ ಆಮೇಲೆ ಕೂತು ಅಂಟಿಸಿದೆ. ಲ್ಯಾಬಿನಲ್ಲಿ ಪ್ಲಾಸ್ಟರಿಗೆ ಬರಗಾಲ ಇಲ್ಲ.

ಎರಡನೆಯದು ಬರುವ ಮೊದಲೇ ನಮ್ಮ ವಾಚ್‌ಮನ್ ಒಂದು ವಾರ ನನ್ನ ತಲೆ ತಿಂದಿದ್ದರು. “ಮೇಡಂ, ನೀಲಿ ಜಾಕೆಟಿನ ಒಂದು ಹುಡುಗಿ ದಿನಾ ಬರ್ತದೆ. ಗೇಟು ಮುಟ್ತದೆ, ಗಂಟೆ ನೋಡ್ತದೆ, ಎದುರಿನ ಹೋಟೆಲಲ್ಲಿ ಚಾ ಕುಡಿದು ಹೋಗ್ತದೆ. ಪೇಶಂಟಾ ಅಂತ ಕೇಳಿದ್ರೆ, ಅಲ್ಲ ಡ್ಯೂಟಿ ಅಂತ ಹೇಳ್ತದೆ.” ಯಾರೋ ತಲೆ ಸರಿ ಇಲ್ಲದವಳು ಇರಬೇಕು ಎಂದು ನಾನೇ ಹೇಳಿದ್ದೆ. ಹೇಳಿದ್ದು ತಪ್ಪಾಗಲಿಲ್ಲ.

ಆ ಆರು ದಿನವೂ ನಾನು ಎರಡನೇ ಮಹಡಿಯಲ್ಲಿದ್ದೆ. ನಮ್ಮಲ್ಲಿ ಲಿಫ್ಟ್ ಉಂಟು.

ಆಲೆಟ್ಟಿಯ ಮನೆ ಬೇಡವೆಂದು ಹರಿಪ್ರಸಾದರಿಗೆ ಹೇಳಿದ್ದೇನೆ. ಈಗ ನನ್ನ ಕಷ್ಟ ಕೇಳು. ನನ್ನ ಗಂಡ ಶಾನವಾಝ್ ಸೌದಿಯ ದಮ್ಮಾಮಿನಿಂದ ಬಂದು ಎಂಟು ತಿಂಗಳಾಯಿತು. ಉಪ್ಪಿನಂಗಡಿಯಲ್ಲಿ ಫ್ರಿಡ್ಜ್ ರಿಪೇರಿ ಅಂಗಡಿ ಹಾಕಿದ್ದಾರೆ. ಅವರು ದಿನಾ ಆ ಕಡೆಗೆ, ನಾನು ಈ ಕಡೆಗೆ. ಮಗಳು ನುಸೈಬಾಳನ್ನು ನೋಡಿಕೊಳ್ಳುವುದು ಅತ್ತೆ. ಅತ್ತೆ ಕದೀಜಮ್ಮನಿಗೆ ಈ ನಾಲ್ಕನೇ ಮಹಡಿ ಆಗುವುದಿಲ್ಲ. “ಹಕ್ಕಿಯ ಹಾಗೆ ಮೇಲೆ ಕೂತು ಎಂತ ಮಾಡುದು” ಎಂದು ಬಾಲ್ಕನಿಯಲ್ಲಿ ನಿಂತು ಕೆಳಗಿನವರ ತೆಂಗಿನ ಗಿಡಕ್ಕೆ ಬುದ್ಧಿ ಹೇಳುತ್ತಾರೆ. ರಂಝಾನಿನ ಪೆರ್ನಾಲ್ ಹಬ್ಬದ ವರೆಗೆ ಕಾಯುತ್ತೇನೆ, ಆಮೇಲೆ ಕಾಸರಗೋಡಿನ ಮಗಳ ಮನೆಗೆ ಹೋಗುತ್ತೇನೆ ಎಂದಿದ್ದಾರೆ. ಹೇಳಿದರೆ ಹೇಳಿದ್ದೇ. ಅವರು ಹೋದರೆ ನಾನು ಕೆಲಸ ಬಿಡಬೇಕು. ಲ್ಯಾಬಿನ ಕೆಲಸ ನನಗೆ ಎಷ್ಟು ಇಷ್ಟ ಎಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ.

ಅತ್ತೆಯ ಬೇಡಿಕೆಗಳನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ: “ಬಾಗಿಲು ತೆಗೆದ್ರೆ ಮಣ್ಣು ಕಾಲಿಗೆ ತಾಗ್ಬೇಕು. ಮಸೀದಿಯ ಬಾಂಗ್ ಕಿವಿಗೆ ಬೀಳ್ಬೇಕು. ಮೀನಿನವನ ಹಾರ್ನ್ ಒಳಗಿದ್ದ ಹಾಗೇ ಕೇಳ್ಬೇಕು.” ಮೂರನೆಯದು ಅವರಿಗೆ ಎಲ್ಲಕ್ಕಿಂತ ಮುಖ್ಯ. ಹಾರ್ನ್ ಕೇಳಿ, ಪಾತ್ರೆ ಹಿಡಿದು, ಗೇಟಿಗೆ ಹೋಗುವಷ್ಟರಲ್ಲಿ ಮೀನಿನ ಸ್ಕೂಟರ್ ಅಲ್ಲೇ ನಿಂತಿರಬೇಕಂತೆ. ಹಾರ್ನ್ ಕೇಳದ ಮನೆ ಊರಿನ ಒಳಗಿದ್ದರೂ ಊರಿನದ್ದಲ್ಲ ಎಂದು ಅವರ ಲೆಕ್ಕ.

ನನ್ನದು ಎರಡೇ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಗೇಟು. ಸಂಜೆ ಮಗಳು ಮಲಗುವ ಮೊದಲು ಮನೆ.

ಹುಡುಕುತ್ತೀಯಾದರೆ ಹುಡುಕು. ನಂಬರ್ ಅನ್‌ಬ್ಲಾಕ್ ಮಾಡುವುದಿಲ್ಲ. ಫೋನಿಗಿಂತ ಕಾಗದದಲ್ಲಿ ನೀನು ನಿಜ ಹೇಳುವುದು ಹೆಚ್ಚು ಎಂದು ಕಾಣುತ್ತದೆ.

ಫರ್ಝಾನಾ

*

ಪೆರಾಬೆ
27 ಡಿಸೆಂಬರ್ 2025

ಪ್ರೀತಿಯ ಫರ್ಝಾನಾ,

“ಪ್ರೀತಿಯ” ಎಂದು ಬರೆದದ್ದಕ್ಕೆ ಆಕ್ಷೇಪ ಇದ್ದರೆ ತಿಳಿಸು, ಮುಂದಿನ ಸಲ ತೆಗೆಯುತ್ತೇನೆ.

ಹಾರ್ನ್ ಪರೀಕ್ಷೆಗೆ ಒಬ್ಬರು ಸಿಕ್ಕಿದ್ದಾರೆ. ಬಾವ ಅಂತ ಹೆಸರು, ನಮ್ಮ ಕಡೆ ಮೀನು ತರುವವರು. ನಾನು ಮನೆಯೊಳಗೆ ಅಡುಗೆ ಕೋಣೆಯಲ್ಲಿ ನಿಲ್ಲುವುದು, ಅವರು ರಸ್ತೆಯಲ್ಲಿ ಹಾರ್ನ್ ಹೊಡೆಯುವುದು. ಮೊದಲ ದಿನ ಒಪ್ಪಲೇ ಇಲ್ಲ. “ಮನೆ ನೋಡುದು ನೀನು, ಬಂಗುಡೆ ಮಾರುದು ನಾನು. ಎರಡೂ ಒಟ್ಟಿಗೆ ಎಂತಕ್ಕೆ ಮಾರಾಯ್ತಿ?” ಎಂದರು. ಕದೀಜಮ್ಮನ ಮಾತು ಹೇಳಿದೆ. ಮೀನಿನ ಪೆಟ್ಟಿಗೆಯ ಮುಚ್ಚಳ ಹಾಕಿ, “ಆ ಅಮ್ಮ ಹೇಳಿದ್ದು ಸರಿ. ನಡಿ” ಎಂದು ಸ್ಕೂಟರ್ ತಿರುಗಿಸಿದರು.

ಒಟ್ಟು ಏಳು ಮನೆ ನೋಡಿದ್ದೇನೆ. ಬರೆಯುವಂಥದ್ದು ಎರಡು.

ಒಂದು ಪುತ್ತೂರಿನಿಂದ ಆಚೆ, ಕಬಕದ ಹತ್ತಿರ. ಬಸ್ಸು ಬೇಕಾದಷ್ಟು. ಎಂಟು ಗಂಟೆಗೆಲ್ಲ ನಿನ್ನ ಗೇಟು ಮುಟ್ಟಿದ್ದೇನೆ. ಬಾಂಗ್ ಕೇಳುತ್ತದೆ, ಹಾರ್ನ್ ಕೇಳುತ್ತದೆ. ಆದರೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿದ್ದಾರೆ, ಬಾವಿಕಟ್ಟೆಯ ಸುತ್ತಲೂ, ತೆಂಗಿನ ಬುಡದ ವರೆಗೂ. ಮಣ್ಣು ಎಲ್ಲಿ ಎಂದು ಕೇಳಿದೆ. ಯಜಮಾನರು ಹೆಮ್ಮೆಯಿಂದ, “ಒಂದು ಚಿಟಿಕೆ ಕಾಣ್ಲಿಕ್ಕಿಲ್ಲ, ಬೇಕಾದ್ರೆ ಹುಡುಕಿ” ಎಂದರು. ಹುಡುಕಿದೆ. ತುಳಸಿಕಟ್ಟೆಯಲ್ಲಿ ಮಾತ್ರ ಇತ್ತು.

ಇನ್ನೊಂದು ನರಿಮೊಗರಿನ ಕಡೆ, ರೈಲು ನಿಲ್ಲುವಲ್ಲಿಂದ ಹತ್ತು ನಿಮಿಷ. ಮಣ್ಣಿನ ಅಂಗಳ, ಒಂದು ಪೇರಳೆ ಮರ. ರೈಲಿನಲ್ಲಿ ನಾಲ್ಕು ದಿನ ಹೋಗಿ ನೋಡಿದೆ. ಕಿಟಕಿಯ ಹತ್ತಿರ ಕೂತರೆ ನಿದ್ರೆಯೇ ಬರುವುದಿಲ್ಲ, ಅಷ್ಟು ಚೆಂದ. ನಾನು ಇದೇ ಎಂದು ನಿಶ್ಚಯ ಮಾಡಿ ಮಾತಾಡಲು ಹೋದೆ. ಮನೆಯಾಕೆ ಚಾ ಕೊಟ್ಟರು.

“ಯಾರು ಬರುದು ಮನೆಗೆ?”

“ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಗಂಡನದ್ದು ಫ್ರಿಡ್ಜ್ ರಿಪೇರಿ. ಅತ್ತೆ, ಒಂದು ಸಣ್ಣ ಮಗು.”

“ಒಳ್ಳೇದಾಯ್ತು. ಹೆಸರು ಎಂತ?”

ಹೇಳಿದೆ. ಅವರು ನನ್ನ ಖಾಲಿ ಲೋಟವನ್ನು ಎತ್ತಿಕೊಂಡರು. “ಅದು... ನನ್ನ ತಂಗಿಯ ಮಗನಿಗೆ ಅಂತ ಮಾತಾಗಿ ಉಂಟು. ಮರ್ತೇ ಹೋಗಿತ್ತು” ಎಂದರು. ಚಾ ಕೊಡುವಾಗ ಆ ತಂಗಿಗೆ ಮಗ ಇರಲಿಲ್ಲ.

ನಿನಗೆ ಇದನ್ನು ಬರೆಯದೆ ಬಿಡಬಹುದಿತ್ತು. ಮನೆ ದೂರ ಆಯಿತು ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಇನ್ನು ನಿನಗೆ ಸುಳ್ಳು ಬರೆಯುವುದಿಲ್ಲ ಎಂದುಕೊಂಡಿದ್ದೇನೆ.

ಬಾವ ಗೇಟಿನಲ್ಲೇ ಇದ್ದರು, ಎಲ್ಲ ಕೇಳಿಸಿತ್ತು. ಮನೆಯಾಕೆ ಪಾತ್ರೆ ಹಿಡಿದು ಬರುವಷ್ಟರಲ್ಲಿ, ಒಂದು ಉದ್ದದ ಹಾರ್ನ್ ಹೊಡೆದು ಸ್ಕೂಟರ್ ಬಿಟ್ಟೇ ಬಿಟ್ಟರು. ತಿರುವಿನಲ್ಲಿ ನಿಲ್ಲಿಸಿ, “ನಾಳೆ ಇಲ್ಲಿನ ಮೀನಿನವನಿಗೆ ಹೇಳಿ ಕೊಡಿಸ್ತೇನೆ, ಹೆದ್ರಬೇಡ. ಇವತ್ತು ಒಂದು ದಿನ ಚಟ್ನಿಯಲ್ಲಿ ಉಣ್ಲಿ” ಎಂದರು.

ಹುಡುಕುವುದನ್ನು ನಿಲ್ಲಿಸಿಲ್ಲ.

ನಿನ್ನ ವಾಚ್‌ಮನ್ನಿಗೆ ನಮಸ್ಕಾರ ಹೇಳು,
ಪ್ರೀತಿಕಾ

*

ಮಂಗಳೂರು
16 ಜನವರಿ 2026

ಪ್ರೀತಿಕಾ,

“ಪ್ರೀತಿಯ” ಇರಲಿ. ತೆಗೆಯಲು ಮತ್ತೊಂದು ಪತ್ರ ಯಾಕೆ ಖರ್ಚು.

ನರಿಮೊಗರಿನ ವಿಷಯ ಓದಿ ಬೇಸರವಾಯಿತು, ಆಶ್ಚರ್ಯ ಆಗಲಿಲ್ಲ. ನೀನು ಬರೆದದ್ದು ಒಳ್ಳೆಯದಾಯಿತು. ಶಾನವಾಝ್ ಓದಿ, “ಆ ಬಾವನ ಫ್ರಿಡ್ಜ್ ಹಾಳಾದ್ರೆ ಫ್ರೀ” ಎಂದರು. ಅತ್ತೆಗೆ ಓದಿ ಹೇಳಲಿಲ್ಲ. ಚಟ್ನಿಯ ವರೆಗೆ ಮಾತ್ರ ಹೇಳಿದೆ, ಯಾಕೆ ಎಂದು ಅವರೂ ಕೇಳಲಿಲ್ಲ. ಗೊತ್ತಾಗಿರಬೇಕು.

ರಾಜೀನಾಮೆ ಪತ್ರ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ತಾರೀಕು ಹಾಕಿಲ್ಲ. ಅತ್ತೆ ಟ್ರಂಕು ಕೆಳಗಿಳಿಸಿ ಬಿಸಿಲಿಗೆ ಇಟ್ಟಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ.

ಒಂದು ಪ್ರಶ್ನೆ. ಕಬಕ ಬರೆದೆ, ನರಿಮೊಗರು ಬರೆದೆ, ಆಲೆಟ್ಟಿಯಲ್ಲಿ ಆರು ದಿನ ಉಳಿದೆ. ನಿನ್ನ ಊರಿನಿಂದ ಉಪ್ಪಿನಂಗಡಿಗೆ ಬಸ್ಸು ಉಂಟು, ನಾವು ಅದರಲ್ಲೇ ಕಾಲೇಜಿನಿಂದ ನಿಮ್ಮ ಮನೆಗೆ ಬರುತ್ತಿದ್ದೆವು. ಶಾನವಾಝರ ಅಂಗಡಿಗೂ ಅದು ಹತ್ತಿರ. ಪೆರಾಬೆಯಲ್ಲಿ ಒಂದೂ ಮನೆ ಇಲ್ಲವಾ?

ಇಲ್ಲವಾದರೆ ಇಲ್ಲ ಎಂದು ಬರೆ.

ಫರ್ಝಾನಾ

*

ಪೆರಾಬೆ
26 ಜನವರಿ 2026

ಪ್ರೀತಿಯ ಫರ್ಝಾನಾ,

ಉಂಟು.

ಮೊದಲ ದಿನದಿಂದಲೇ ಗೊತ್ತಿತ್ತು. ನಮ್ಮ ಪಕ್ಕದ್ದೇ. ಅಂಗನವಾಡಿಯಲ್ಲಿದ್ದ ಶಂಕರಿಯಕ್ಕನ ಹಳೆಯ ಮನೆ. ಅವರು ಪಕ್ಕದಲ್ಲೇ ಹೊಸ ಮನೆ ಕಟ್ಟಿ ದೀಪಾವಳಿಗೆ ಒಕ್ಕಲಾದ ಮೇಲೆ ಖಾಲಿ ಉಂಟು. ನಿನಗೆ ಬರೆಯಲಿಲ್ಲ. ಸುಳ್ಳು ಬರೆಯುವುದಿಲ್ಲ ಎಂದ ಮೇಲೂ ನಿಜವನ್ನು ಬರೆಯದೆ ಇಟ್ಟೆ. ಅದೂ ಆ ಹಿಂದಿನ ಗೇಟಿನ ಹಾಗೆಯೇ ಎಂದು ನಿನ್ನ ಪತ್ರ ಓದುವಾಗ ಗೊತ್ತಾಯಿತು.

ಕಾರಣ ಹೇಳುತ್ತೇನೆ. ನನ್ನ ಕೋಣೆಯ ಕಿಟಕಿ ತೆಗೆದರೆ ಆ ಮನೆಯ ಬಾಗಿಲು. ಅಲ್ಲಿ ನೀನು ಇದ್ದರೆ ದಿನಾ ನಿನ್ನ ಮುಖ ನೋಡಬೇಕು. ಒಂದು ಸಲ ಸುಳ್ಳು ಹೇಳಿದವರನ್ನು ದಿನಾ ನೋಡುವುದು ನಿನಗೂ ಕಷ್ಟ. ಮತ್ತೆ, ನಿನಗೆ ಮನೆ ಹುಡುಕುವ ನೆಪದಲ್ಲಿ ನನಗೆ ಗೆಳತಿಯನ್ನು ಹುಡುಕಿಕೊಂಡೆ ಎಂದು ನೀನು ತಿಳಿಯಬಹುದು ಎಂದು ಹೆದರಿಕೆ. ಅದು ತಪ್ಪು ತಿಳಿವಳಿಕೆಯೂ ಆಗುವುದಿಲ್ಲ.

ನಿನ್ನ ಪತ್ರ ಸಿಕ್ಕಿದ ಮರುದಿನದಿಂದ ಆರು ದಿನ ಹೋಗಿ ಬಂದೆ. ಬೆಳಿಗ್ಗೆ ಆರು ಇಪ್ಪತ್ತರ ಬಸ್ಸು, ಡ್ರೈವರ್ ಕುಕ್ಕಪ್ಪಣ್ಣ. ಒಂದು ದಿನವೂ ತಡ ಇಲ್ಲ. “ಬಸ್ಸು ತಡ ಆದ್ರೆ ನನ್ನ ಹೆಂಡತಿಗೆ ಡೌಟು ಬರ್ತದೆ” ಎನ್ನುತ್ತಾರೆ. ಉಪ್ಪಿನಂಗಡಿಯಲ್ಲಿ ಇಳಿದು ಮಂಗಳೂರಿನ ಬಸ್ಸು. ಗೇಟಿಗೆ ಎಂಟೂವರೆ, ಒಂದು ದಿನ ಎಂಟು ನಲ್ವತ್ತು. ಸಂಜೆ ಆರೂಮುಕ್ಕಾಲಿಗೆ ಮನೆ. ಆರನೇ ದಿನ ಲಿಫ್ಟಿನ ವರೆಗೂ ಬಂದಿದ್ದೆ. ಲಿಫ್ಟಿನಲ್ಲಿ ಜನ ಇದ್ದರು.

ಮನೆಯ ಕೊರತೆಗಳು: ಬಾಂಗ್ ಗಾಳಿ ಆ ಕಡೆಯಿಂದ ಬೀಸಿದರೆ ಮಾತ್ರ ಕೇಳುತ್ತದೆ. ಫೋನಿಗೆ ರೇಂಜು ಸಿಗುವುದು ಅಂಗಳದ ಹಲಸಿನ ಮರದ ಬುಡದಲ್ಲಿ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಬಚ್ಚಲಿನ ಬಾಗಿಲನ್ನು ಎತ್ತಿ ಹಾಕಬೇಕು. ನಮ್ಮ ಹುಂಜಕ್ಕೆ ಗಂಟೆ ನೋಡಲು ಬರುವುದಿಲ್ಲ, ಮನಸ್ಸು ಬಂದಾಗ ಕೂಗುತ್ತದೆ. ನಮ್ಮ ಅಮ್ಮ ಊರ್ಮಿಳಾ ಕೇಳದಿದ್ದರೂ ಸಲಹೆ ಕೊಡುತ್ತಾರೆ. ಮಣ್ಣು ಬೇಕಾದಷ್ಟು. ಹಾರ್ನ್ ಕೇಳುತ್ತದೆ, ಬಾವ ನಿಲ್ಲುವುದೇ ಆ ಗೇಟಿನಲ್ಲಿ.

ಶಂಕರಿಯಕ್ಕನಿಗೆ ನಿನ್ನ ಹೆಸರು ಮೊದಲೇ ಹೇಳಿದೆ, ಚಾ ಕೊಡುವ ಮೊದಲು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. “ಹೆಸರು ಕಟ್ಕೊಂಡು ನನಗೆ ಎಂತ ಆಗ್ಬೇಕು? ಬಸಳೆ ಚಪ್ಪರಕ್ಕೆ ನೀರು ಹಾಕ್ತಾರಾ ಕೇಳು” ಎಂದರು.

ಹಾಕುತ್ತೀರಾ?

ಪ್ರೀತಿಕಾ

*

ಮಂಗಳೂರು
10 ಫೆಬ್ರವರಿ 2026

ಪ್ರೀತಿಯ ಪ್ರೀತಿಕಾ,

ಭಾನುವಾರ ನಾವು ಬಂದು ಹೋದದ್ದನ್ನು ನೀನೇ ನೋಡಿದ್ದೀಯ. ಆದರೂ ನೀನು ನೋಡದ್ದು ಕೆಲವು ಉಂಟು, ಯಾಕೆಂದರೆ ನೀನು ಪೂರ್ತಿ ಹೊತ್ತು ಸ್ಕೂಟರ್ ತೊಳೆಯುತ್ತಿದ್ದೆ. ಒಂದೇ ಸ್ಕೂಟರನ್ನು ಮೂರು ಸಲ.

ಅತ್ತೆ ರಿಕ್ಷಾದಿಂದ ಇಳಿದವರೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು. ಅಂಗಳದಲ್ಲಿ ಒಂದು ಸುತ್ತು ಬಂದು ಬಸಳೆ ಚಪ್ಪರದ ಹತ್ತಿರ ನಿಂತರು. ಶಂಕರಿಯಕ್ಕ ಬೀಗದ ಕೈ ಹಿಡಿದು ಹಿಂದೆಯೇ ಬಂದರು.

“ಒಳಗೆ ನೋಡುದಿಲ್ವಾ ಕದೀಜಮ್ಮ?”

“ಒಳಗೆ ಎಂತ ಉಂಟು? ಗೋಡೆ” ಎಂದರು ಅತ್ತೆ. “ಈ ಬಸಳೆಗೆ ಬೂದಿ ಹಾಕಿದ್ದು ಯಾರು?”

“ನಾನು.”

“ಹೆಚ್ಚಾಯ್ತು.”

ಇದ್ದ ಒಂದು ಮನೆಯೂ ಹೋಯಿತು ಎಂದುಕೊಂಡೆ. ಶಂಕರಿಯಕ್ಕ ಸೊಂಟಕ್ಕೆ ಕೈ ಕೊಟ್ಟು, “ನಲ್ವತ್ತು ವರ್ಷದಿಂದ ಹಾಕ್ತಾ ಇದ್ದೇನೆ” ಎಂದರು. “ನಲ್ವತ್ತು ವರ್ಷದಿಂದ ಹೆಚ್ಚಾಗ್ತಾ ಉಂಟು” ಎಂದರು ಅತ್ತೆ. ಅಷ್ಟರಲ್ಲಿ ಹಾರ್ನ್ ಕೇಳಿತು. ಇಬ್ಬರೂ ಜಗಳ ಅಲ್ಲಿಗೇ ಬಿಟ್ಟು ಗೇಟಿಗೆ ಓಡಿದರು. ಬಾವನ ಹತ್ತಿರ ಬೂತಾಯಿ ಮೀನಿನ ರೇಟು ಇಳಿಸಬೇಕಾದರೆ ಇಬ್ಬರೂ ಒಂದೇ ಪಕ್ಷ. ಅತ್ತೆ ಮೀನಿನ ಕಿವಿರು ಎತ್ತಿ ನೋಡುವುದು, ಶಂಕರಿಯಕ್ಕ “ಮೊನ್ನೆಯದ್ದೂ ಇದೇ ಅಲ್ವಾ” ಎನ್ನುವುದು. ಬಾವ ನನ್ನ ಕಡೆ ನೋಡಿ, “ಈ ಮನೆ ಹುಡುಕಿ ಕೊಟ್ಟದ್ದು ನಾನು ಮಾಡಿದ ತಪ್ಪು” ಎಂದರು.

ಅತ್ತೆ ಮನೆಯ ಒಳಗೆ ಕಾಲಿಡಲೇ ಇಲ್ಲ. ರಿಕ್ಷಾ ಹತ್ತುವಾಗ ಶಂಕರಿಯಕ್ಕನಿಗೆ, “ಪೆರ್ನಾಲ್ ಕಳೆದು ಬರ್ತೇವೆ. ಅಷ್ಟ್ರ ವರೆಗೆ ಬೂದಿ ಹಾಕ್ಬೇಡಿ” ಎಂದರು. ಮನೆಗೆ ಬಂದು ಟ್ರಂಕನ್ನು ಮತ್ತೆ ಅಟ್ಟಕ್ಕೆ ಹಾಕಿಸಿದರು. ಹಾಕಿಸಿ ಹತ್ತು ನಿಮಿಷಕ್ಕೆ, ಸಾಮಾನು ತುಂಬಲು ಬೇಕಲ್ಲ ಎಂದು ಇಳಿಸಿದರು. ಶಾನವಾಝ್ ಈಗ ಅದನ್ನು ಮುಟ್ಟುವುದಿಲ್ಲ ಎಂದಿದ್ದಾರೆ.

ನನ್ನ ರಾಜೀನಾಮೆಯ ಹಿಂದೆ ನುಸೈಬಾ ಹಸಿರು ಕ್ರೇಯಾನಿನಲ್ಲಿ ಹುಂಜ ಬರೆದಿದ್ದಾಳೆ. ಹುಂಜ ಎಂದು ಅವಳು ಹೇಳುವುದು. ಡ್ರಾಯರಿನಿಂದ ತೆಗೆದು ಫ್ರಿಡ್ಜಿಗೆ ಅಂಟಿಸಿದ್ದೇನೆ.

ಮೂರನೇ ಸಲ ನೀನು ಸ್ಕೂಟರಿಗೆ ನೀರು ಹೊಯ್ಯುವಾಗ ನಾನು ಹತ್ತಿರ ಬಂದು, “ಸಾಬೂನು ಬೇಕಾ?” ಎಂದು ಕೇಳಿದೆ. ನಾಲ್ಕು ವರ್ಷದ ಮೇಲೆ ನಿನ್ನ ಹತ್ತಿರ ಆಡಿದ ಮೊದಲ ಮಾತು. ದಾರಿಯಲ್ಲಿ ಬೇರೆ ಎಷ್ಟೋ ಯೋಚಿಸಿಕೊಂಡು ಬಂದಿದ್ದೆ. ನೀನು “ಉಂಟು” ಎಂದೆ. ಆಮೇಲೆ ನಾವು ಮಾತಾಡಿದ್ದು ನೆನಪಿದೆ, ಬರೆಯುವುದಿಲ್ಲ.

ಪರೀಕ್ಷೆಯ ವಿಷಯಕ್ಕೆ ಕೋಪ ಇನ್ನೂ ಉಂಟು. ಅದನ್ನು ಒಂದೇ ದಿನಕ್ಕೆ ಮುಗಿಸುವುದಿಲ್ಲ, ಪಕ್ಕದ ಮನೆಯಲ್ಲಿದ್ದು ನಿಧಾನವಾಗಿ ಖರ್ಚು ಮಾಡುತ್ತೇನೆ. ಮೊದಲ ದಿನ ಆರು ಇಪ್ಪತ್ತರ ಬಸ್ಸಿಗೆ ನೀನು ಸ್ಟಾಪಿನ ವರೆಗೆ ಬರಬೇಕು.

ನಿನ್ನ,
ಫರ್ಝಾ

*

ಪೆರಾಬೆ
5 ಏಪ್ರಿಲ್ 2026, ಭಾನುವಾರ

ಪ್ರೀತಿಯ ಫರ್ಝಾ,

ನಮ್ಮ ಬಾಗಿಲಿನಿಂದ ನಿಮ್ಮ ಬಾಗಿಲಿಗೆ ಮೂವತ್ತೆರಡು ಹೆಜ್ಜೆ. ನಂಬರ್ ಅನ್‌ಬ್ಲಾಕ್ ಮಾಡಿದ್ದೀಯ, ರೇಂಜು ಇಲ್ಲ. ಬಾಯಲ್ಲಿ ಹೇಳೋಣವೆಂದು ವಾರದಿಂದ ಸ್ಟಾಪಿನ ವರೆಗೆ ಜೊತೆಗೆ ಬಂದೆ. ಪ್ರತಿ ದಿನವೂ ಬಸ್ಸು ಸರಿಯಾದ ಸಮಯಕ್ಕೆ ಬಂದುಬಿಟ್ಟಿತು. ಹಾಗಾಗಿ ಕಾಗದ.

ಜನವರಿಯಲ್ಲಿ ನಿನ್ನ ಬದಲಿಗೆ ಹೋಗಿ ಬರುವಾಗ ನಾನು ಕೂರುತ್ತಿದ್ದದ್ದು ಕುಕ್ಕಪ್ಪಣ್ಣನ ಹಿಂದಿನ ಸೀಟಿನಲ್ಲಿ. ಮೂರನೇ ದಿನ ಅವರು ಕನ್ನಡಿಯಲ್ಲಿ ನೋಡಿ, “ಎಂತ ಮಗಾ, ನಾನು ಗೇರು ಹಾಕುವಾಗ ನಿನ್ನ ಕಾಲು ಯಾಕೆ ಅಲ್ಲಾಡುದು?” ಎಂದು ಕೇಳಿದರು. ನನಗೇ ಗೊತ್ತಿರಲಿಲ್ಲ. ಆರನೇ ದಿನ ಒಂದು ಚೀಟಿ ಕೊಟ್ಟರು. ಹಾಸನದ ಹತ್ತಿರ ಹೆಂಗಸರಿಗೆ ಬಸ್ಸು, ಲಾರಿಯಂಥ ಹೆವಿ ಗಾಡಿ ಕಲಿಸುವ ಕಡೆಯ ವಿಳಾಸ. ಒಂದು ತಿಂಗಳು ಅಲ್ಲೇ ಉಳಿದು ಕಲಿಯಬೇಕು. ಎಸ್ಸೆಸ್ಸೆಲ್ಸಿ ಸಾಕಂತೆ. ಫಾರ್ಮ್ ತುಂಬಿ ಹಾಕಿದೆ, ಮಾರ್ಚಿನಲ್ಲಿ ಕರೆ ಬಂತು. ನೀವು ಸಾಮಾನು ಇಳಿಸುವ ಗಡಿಬಿಡಿಯಲ್ಲಿದ್ದಿರಿ. ಹೇಳಲಿಲ್ಲ.

ಫಾರ್ಮಿನಲ್ಲಿ ವಿದ್ಯಾಭ್ಯಾಸ ಎಂಬಲ್ಲಿ ಇಷ್ಟು ವರ್ಷ ಎಲ್ಲ ಕಡೆ “ಪಿಯುಸಿ ಫೇಲ್” ಎಂದು ಬರೆಯುತ್ತಿದ್ದೆ. ಈ ಸಲ “ಪಿಯುಸಿ, ಎರಡನೇ ಸಲ ಪರೀಕ್ಷೆ ಬರೆದಿಲ್ಲ” ಎಂದು ಬರೆದೆ. ಅವರು ಫೋನು ಮಾಡಿ, ಅದರ ಅರ್ಥ ಎಂತ ಎಂದು ಕೇಳಿದರು. ಬಸ್ಸಿನಲ್ಲಿ ಹೋದೆ ಎಂದೆ. ಆ ಕಡೆಯ ಮೇಡಂ ನಕ್ಕು, “ಸರಿ, ಬನ್ನಿ” ಎಂದರು.

ನೀನು ಬಂದ ಕೂಡಲೇ ನಾನು ಓಡುತ್ತಿದ್ದೇನೆ ಎಂದು ತಿಳಿಯಬೇಡ. ಅಮ್ಮ ನಿನ್ನೆ ಹಾಗೇ ಕೇಳಿದರು: “ಅವಳನ್ನು ಇಲ್ಲಿ ತಂದು ಕೂರ್ಸಿ ನೀನು ಹೋಗುದಾ?” ಎಂದು. ಹೌದು, ಸ್ವಲ್ಪ ಹಾಗೇ ಉಂಟು. ಕೂರುವುದು ನನಗೆ ಬರುವುದಿಲ್ಲ, ನಿನಗೆ ಆರು ವರ್ಷದ ಹಿಂದೆಯೇ ತೋರಿಸಿದ್ದೇನೆ. ಆದರೆ ತಿಂಗಳಾದ ಮೇಲೆ ವಾಪಸು ಬರುತ್ತೇನೆ. ಕಿಟಕಿ ತೆಗೆದರೆ ನಿಮ್ಮ ಬಾಗಿಲು ಕಾಣುವುದು ಒಂದು ವಾರದಲ್ಲೇ ಅಭ್ಯಾಸವಾಗಿ ಹೋಗಿದೆ.

ಈ ವಾರ ನೀನು ಆರು ದಿನವೂ ಸಮಯಕ್ಕೆ ಸರಿಯಾಗಿ ಗೇಟು ಮುಟ್ಟಿದ್ದನ್ನು, ಸಂಜೆ ನೀನು ಬಂದು ಹೇಳಿದ ಹಾಗೆಯೇ, ನಾನು ಒಂದು ಕಾಗದದಲ್ಲಿ ಬರೆದಿಟ್ಟಿದ್ದೇನೆ. ಎಂಟೂವರೆ, ಎಂಟು ಇಪ್ಪತ್ತೆಂಟು, ಎಂಟೂವರೆ, ಎಂಟು ಮೂವತ್ತೈದು, ಎಂಟೂವರೆ, ಎಂಟೂವರೆ. ವಾಚ್‌ಮನ್ ಸಾಕ್ಷಿ. ನೀಲಿ ಜಾಕೆಟಿನವಳು ಈಗ ಯಾಕೆ ಬರುವುದಿಲ್ಲ ಎಂದು ಕೇಳುತ್ತಾರೆ ಎಂದೆಯಲ್ಲ, ಡ್ಯೂಟಿ ಬದಲಾಯಿತು ಎಂದು ಹೇಳು.

ನಾನಿಲ್ಲದಾಗ ಕೆಲವು ವಿಷಯ. ಬಚ್ಚಲಿನ ಬಾಗಿಲನ್ನು ಎತ್ತುವಾಗ ಎಡಕ್ಕೆ ತಳ್ಳಬೇಕು. ಕದೀಜಮ್ಮ, ಶಂಕರಿಯಕ್ಕ ಬೂದಿಯ ವಿಷಯದಲ್ಲಿ ಮಾತು ಬಿಟ್ಟರೆ ನೀನು ನಡುವೆ ಹೋಗಬೇಡ, ಮೀನಿನ ಹೊತ್ತಿಗೆ ಸರಿಯಾಗುತ್ತದೆ. ನುಸೈಬಾಳಿಗೆ ನಮ್ಮ ಹುಂಜವನ್ನು ತೋರಿಸಿ ಅನ್ನ ತಿನ್ನಿಸಬೇಡ, ಅದು ಅವಳ ಅನ್ನವನ್ನೂ ತಿನ್ನುತ್ತದೆ. ಅಮ್ಮ ಸಂಜೆ ಜಗಲಿಯಲ್ಲಿ ಒಬ್ಬರೇ ಕೂತಿದ್ದರೆ ಏನಾದರೂ ಸಲಹೆ ಕೇಳು. ಯಾವುದಾದರೂ ಆಗುತ್ತದೆ.

ಈ ಸಲ ಹಿಂದಿನ ಗೇಟಿಲ್ಲ. ನೀನು ಹತ್ತುವ ಬಸ್ಸಿನಲ್ಲೇ ನಾನೂ ಹತ್ತುವುದು, ಉಪ್ಪಿನಂಗಡಿಯ ವರೆಗೆ ಒಟ್ಟಿಗೆ. ಅಲ್ಲಿಂದ ನೀನು ಮಂಗಳೂರಿಗೆ, ನಾನು ಹಾಸನಕ್ಕೆ. ಪೆನ್ನು ಬೇಡ, ಪರೀಕ್ಷೆ ಗಾಡಿಯಲ್ಲೇ. ಖರ್ಜೂರ ಇದ್ದರೆ ನಾಲ್ಕು ತಾ.

ನಾಳೆ ಬೆಳಿಗ್ಗೆ ಆರು ಇಪ್ಪತ್ತರ ಬಸ್ಸಿಗೆ ಹೊರಡುತ್ತೇನೆ.

ಪ್ರೀತಿಕಾ